ಹದಿನಾಲ್ಕು ತೊಗರಿ ಕಾಳು

ಹೋದ ಜನವರಿಯಲ್ಲಿ ಕಿಣ್ಣಿ ಸುಲ್ತಾನಕ್ಕೆ ಒಂದು ಮಣ್ಣಿಗೆ ಹೋಗಿದ್ದೆ. ತೀರಿಕೊಂಡವಳು ಸಂಗಮ್ಮ. ವಯಸ್ಸಾದ ಜೀವ, ಹೆಚ್ಚು ನರಳಲಿಲ್ಲ, ಅಳುವವರೂ ಬಹಳ ಇರಲಿಲ್ಲ. ಎಲ್ಲ ಮುಗಿಸಿ ಆಳಂದದ ಬಸ್ಸಿಗೆ ಕಾಯುತ್ತ ಕೂತಾಗ ರಸ್ತೆ ಬದಿಯ ಕಣದಲ್ಲಿ ತೊಗರಿ ಬಡಿಯುತ್ತಿದ್ದರು. ಒಣಗಿದ ತೊಗರಿ ಗಿಡದ ಧೂಳಿಗೆ ಒಂದು ಒಗರು ವಾಸನೆಯಿದೆ, ಗಂಟಲು ಕೆರೆಯುತ್ತದೆ. ಉಳಿದವರೆಲ್ಲ ಸೀನಿದರು. ನನಗೆ ಅಳು ಬಂತು. ಜೊತೆಗಿದ್ದ ನನ್ನ ಮೊಮ್ಮಗಳು, ನಾನು ಸಂಗಮ್ಮನನ್ನು ನೆನೆಸಿಕೊಂಡು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು. ಅವಳಿಗೆ ಹಾಗೆಯೇ ತಿಳಿಯಲಿ ಎಂದುಕೊಂಡೆ.

ನಾನು ಅತ್ತದ್ದು ಐವತ್ತು ವರ್ಷದ ಹಿಂದಿನ ಒಂದು ಸುಗ್ಗಿಗೆ. ಆ ಸುಗ್ಗಿಯಲ್ಲಿ ಹದಿನಾಲ್ಕು ಹೆಂಗಸರು ಒಂದು ತಪ್ಪು ಮಾಡಿದರು. ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುತ್ತೇನೆಂದು ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ. ಸಂಗಮ್ಮ ಆ ಹದಿನಾಲ್ವರಲ್ಲಿ ಕೊನೆಯವಳು. ಇನ್ನು ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ, ನನ್ನದೊಂದನ್ನು ಬಿಟ್ಟು.

ಆಗ ನನಗೆ ಇಪ್ಪತ್ತು. ಆಳಂದದ ಮಿಷನ್ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷವಾಗಿತ್ತು. ಮಗ್ಗಿ, ಕೂಡಿಸುವುದು, ಕಳೆಯುವುದು ಕಲಿಸುತ್ತಿದ್ದೆನಾದ್ದರಿಂದ ಊರಿಗೆಲ್ಲ ನಾನು ಲೆಕ್ಕದ ಬಾಯೋರು. ಯುರೋಪಿನಲ್ಲಿ ಯುದ್ಧ ನಡೆದಿತ್ತು, ನಮ್ಮ ಸೀಮೆ ಇನ್ನೂ ಹೈದರಾಬಾದಿನ ನಿಜಾಮರ ಕೈಯಲ್ಲಿತ್ತು. ಕಚೇರಿ ಮಾತು ಉರ್ದು, ಮನೆ ಮಾತು ಕನ್ನಡ, ಸಂತೆಗೆ ಹೋದರೆ ಮರಾಠಿ. ಮೂರರಲ್ಲಿಯೂ ಬಡವರಿಗೆ ಹೇಳುತ್ತಿದ್ದ ಮಾತು ಒಂದೇ, ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂದು.

ನಮ್ಮ ಸಭೆಯ ಪಾದ್ರಿ ದಾನಿಯೇಲಪ್ಪನವರು, ನಮಗೆಲ್ಲ ಅಯ್ನೋರು. ಜೇವರ್ಗಿ ಕಡೆಯವರು, ಕೂಲಿ ಮಾಡುವ ಹೊಲೆಯರ ಕೇರಿಯಲ್ಲಿ ಹುಟ್ಟಿ ಮಿಷನ್‌ನಲ್ಲಿ ಓದಿದವರು. ಎತ್ತರದ ಆಳು, ಖಾದಿಯ ನಿಲುವಂಗಿ, ಹಳೆಯ ಸೈಕಲ್ಲು. ಆ ಸೈಕಲ್ಲಿನ ಮೇಲೆ ಆಳಂದದಿಂದ ಚೌಡಾಪುರ, ಅಲ್ಲಿಂದ ಅಫಜಲಪುರ, ಸೈಕಲ್ಲನ್ನೇ ದೋಣಿಯಲ್ಲಿ ಹೇರಿಕೊಂಡು ಭೀಮೆ ದಾಟಿ ಜೇವರ್ಗಿ, ಹೀಗೆ ತಿಂಗಳಿಗೊಂದು ಸುತ್ತು ಹಾಕುತ್ತಿದ್ದರು. ಹೋದ ಕಡೆ ಪ್ರಾರ್ಥನೆ ಅರ್ಧ ತಾಸು, ಉಳಿದ ಹೊತ್ತೆಲ್ಲ ಬಿಟ್ಟಿ ಚಾಕರಿಯ ಮಾತು. ಗೌಡರ ಕಣದಲ್ಲಿ ಕೂಲಿಯಿಲ್ಲದೆ ದುಡಿಯಬೇಡಿರಿ, ಹಾಗೆ ದುಡಿಸಲು ಯಾವ ಕಾಯಿದೆಯೂ ಇಲ್ಲ ಎನ್ನುತ್ತಿದ್ದರು. ಅದರ ಜೊತೆಗೆ ಇನ್ನೊಂದು. ಈ ಸಂಸ್ಥಾನವನ್ನು ಆಳುವವರನ್ನು ಜನರೇ ಆರಿಸಬೇಕು, ಅಕ್ಷರ ಬಂದವರು ಮಾತ್ರವಲ್ಲ, ಸಗಣಿ ಬಾಚುವವಳೂ ಆರಿಸಬೇಕು ಎಂಬುದು.

ಧರ್ಮದಲ್ಲಿಯೂ ಅವರದು ಸಡಿಲ ಕೈ ಎಂದು ಸಭೆಯ ಹಿರಿಯರಿಗೆ ಅಸಮಾಧಾನ. ದೀಕ್ಷಾಸ್ನಾನ ಆಗದವರು ನರಕಕ್ಕೆ ಹೋಗುತ್ತಾರೆಯೇ ಎಂದು ಯಾರೋ ಕೇಳಿದರೆ, "ಅದರ ಕೀಲಿ ನನ್ನ ಕೈಯಾಗ ಇಲ್ಲಪಾ" ಎಂದು ನಕ್ಕುಬಿಡುತ್ತಿದ್ದರು. ಭಾನುವಾರದ ಪ್ರಸಂಗದ ನಡುವೆ ಯೇಸುವಿನ ಜೊತೆ ಬಸವಣ್ಣನನ್ನೂ ಕರೆದುಕೊಂಡು ಬರುತ್ತಿದ್ದರು. ಮಠದ ಸ್ವಾಮಿಗಳು, ಮಸೀದಿಯ ಹತ್ತಿರದ ಉರ್ದು ಮಾಸ್ತರರು ಇಬ್ಬರೂ ಅವರ ಮನೆಯ ಕಟ್ಟೆಗೆ ಬಂದು ಚಹಾ ಕುಡಿಯುತ್ತಿದ್ದರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಚಹಾ ಅವರೇ ಕುದಿಸುತ್ತಿದ್ದರು. ಅದೊಂದು ಕುಡಿಯಲಾಗದ ಚಹಾ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಕರಿ ಎರೆಮಣ್ಣು ಗಾಲಿಗೆ ಅಂಟಿ ಪಾದ್ರಿಗಳೇ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾಗುತ್ತಿತ್ತು. ತೊಗರಿ ಆಳೆತ್ತರ ಬೆಳೆಯಿತು. ದೀಪಾವಳಿ ಹೊತ್ತಿಗೆ ಹೊಲವೆಲ್ಲ ಹಳದಿ ಹೂವು. ಬೆಳೆ ಬಂದ ವರ್ಷ ಗೌಡರಿಗೆ ಆಳು ಹೆಚ್ಚು ಬೇಕು, ಬಿಟ್ಟಿ ಆಳು ಇನ್ನೂ ಹೆಚ್ಚು ಬೇಕು. ಅದೇ ವರ್ಷ ಕಿಣ್ಣಿ ಸುಲ್ತಾನದ ಕೇರಿಯ ಗಂಡಸರು, ಕೂಲಿ ಕೊಟ್ಟರೆ ಬರುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟರು. ಆ ಮಾತು ಅವರಿಗೆ ಕಲಿಸಿದವರು ಯಾರೆಂದು ಹುಡುಕಲು ಯಾರೂ ಕಷ್ಟಪಡಬೇಕಾಗಿರಲಿಲ್ಲ.

ಮೊದಲು ಪೊಲೀಸ್ ಅಮೀನರು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋದರು. ಆಮೇಲೆ ತಹಸೀಲ್ದಾರರ ಕಾಗದ ನಮ್ಮ ಮಿಷನ್ನಿನ ದೊಡ್ಡ ಸಾಹೇಬರಿಗೆ ಹೋಯಿತು. ಪಾದ್ರಿ ರಾಜಕೀಯ ಬಿಡದಿದ್ದರೆ ಆಳಂದದ ಶಾಲೆಗೆ ಪರವಾನಗಿ ಇರುವುದಿಲ್ಲ ಎಂಬುದು ಅದರ ಸಾರ. ಕ್ರಿಸ್‌ಮಸ್ ಕಳೆದ ಮೇಲೆ ಸಾಹೇಬರೇ ಬಂದರು. ಬಿಳಿಯರು, ಕರಾರುವಾಕ್ಕಾದ ಮನುಷ್ಯ, ಕೆಟ್ಟವರೇನಲ್ಲ. ನಮ್ಮ ಶಾಲೆಯ ವರಾಂಡದಲ್ಲಿಯೇ ಇಬ್ಬರೂ ಮಾತಾಡಿದ್ದರಿಂದ ನನಗೆಲ್ಲ ಕೇಳಿಸಿತು.

"ನೀವು ಒಂದು ವರ್ಷ ಸುಮ್ಮನಿರಿ, ಇಲ್ಲವೇ ಸಂಸ್ಥಾನದ ಹೊರಗೆ ಬೇರೆ ಸಭೆ ಕೊಡುತ್ತೇನೆ" ಎಂದರು ಸಾಹೇಬರು, ಪುಸ್ತಕದ ಕನ್ನಡದಲ್ಲಿ.

"ಸುಮ್ಮನಿರಾಕ ಆಗೂದಿಲ್ರಿ" ಎಂದರು ದಾನಿಯೇಲಪ್ಪನವರು. "ಹೋಗೂದೂ ಇರೂದೂ ನಾನೂ ನೀವೂ ಕೂಡಿ ಹೇಳೂ ಮಾತಲ್ಲ. ಸಭೀನ ಕೇಳ್ರಿ. ಇರು ಅಂದ್ರ ಬಂದದ್ದು ಅನುಭವಿಸ್ತೇನಿ, ಹೋಗು ಅಂದ್ರ ನಾಳೆನೇ ಹೋಗ್ತೇನಿ."

ಸಾಹೇಬರು ಹೊಲದ ಕಡೆ ನೋಡಿ ಕೇಳಿದರು. "ಅವರಿಗೆ ತಿಳಿಯುತ್ತದೆಯೇ? ಓದು ಬರುವವರು ಹತ್ತು ಜನ ಇಲ್ಲ."

"ತಮಗ ಯಾರು ಬೇಕು ಅನ್ನೂದು ತಿಳಿಯಾಕ ಓದು ಯಾಕ ಬೇಕ್ರಿ?"

ಸಾಹೇಬರು ಒಪ್ಪಿದರು. ಸುಗ್ಗಿಯ ಕಾಣಿಕೆಯ ಭಾನುವಾರ ಎಲ್ಲರೂ ಸೇರುತ್ತಾರೆ, ಆವತ್ತೇ ಆಗಲಿ ಎಂದರು.

ನಮ್ಮ ಸಭೆಯಲ್ಲಿ ಮೊದಲು ಕೈ ಎತ್ತಿ ಆರಿಸುತ್ತಿದ್ದರು, ಅದೂ ಗಂಡಸರು ಮಾತ್ರ. ದಾನಿಯೇಲಪ್ಪನವರು ಬಂದ ಮೇಲೆ ಅದನ್ನು ಬಿಡಿಸಿ ಮಡಕೆ ಇಡಿಸಿದ್ದರು. ಹಿರಿಯರ ಆಯ್ಕೆಗೆ ಇಬ್ಬರು ನಿಂತರೆ ಎರಡು ಮಡಕೆ. ಯಾರು ಬೇಕೋ ಅವರ ಮಡಕೆಗೆ ಒಂದು ಕಾಳು ಹಾಕುವುದು, ಹೆಂಗಸರೂ ಹಾಕುವುದು, ಹಾಕಿದ್ದನ್ನು ಯಾರಿಗೂ ಹೇಳದಿರುವುದು. ಈ ಸಲ ನಿಂತವರು ಒಬ್ಬರೇ, ಹಾಗಾಗಿ ಮಡಕೆಯೂ ಒಂದೇ. ಇರಲಿ ಎನ್ನುವವರು ಜೋಳದ ಕಾಳು, ಹೋಗಲಿ ಎನ್ನುವವರು ಹರಳುಕಲ್ಲು ಹಾಕಲಿ ಎಂದು ಪಾದ್ರಿಗಳು ಹೇಳಿದರು.

ಕಲ್ಲು ಎಂದಾಗ ನನಗೆ ಕಸಿವಿಸಿಯಾಯಿತು. ಇಂಥ ಮನುಷ್ಯರ ಹೆಸರಿನಲ್ಲಿ ದೇವರ ಮನೆಯೊಳಗೆ ಕಲ್ಲು ಹಾಕಿಸುವುದೇ? "ಕಲ್ಲು ಬ್ಯಾಡ್ರಿ ಅಯ್ನೋರ, ತೊಗರಿ ಇಡೋಣು, ಅಂಗಳ ತುಂಬ ತೊಗರಿನೇ ಅದ" ಎಂದೆ. ಅವರು ನಕ್ಕು, "ಲೆಕ್ಕದ ಬಾಯೋರು ಹೇಳಿದಂಗ ಆಗಲಿ" ಎಂದರು. ನನ್ನ ಬದುಕಿನಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಟ್ಟರೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಆ ಭಾನುವಾರ ಚಳಿ ಇನ್ನೂ ಇತ್ತು, ಬಿಸಿಲು ಹಿತವಾಗಿತ್ತು. ಆಳಂದದ ಜನ ಬೆಳಿಗ್ಗೆಯೇ ಸೇರಿದರು. ನಾನು ಎದ್ದು ನಿಂತು, ಇರಲಿ ಎಂದರೆ ಜೋಳ, ಹೋಗಲಿ ಎಂದರೆ ತೊಗರಿ ಎಂದು ಮೂರು ಸಲ ಹೇಳಿದೆ. ಬಾಗಿಲ ಹತ್ತಿರ ಎರಡು ಬುಟ್ಟಿ, ಒಳಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ, ಬಟ್ಟೆಯಲ್ಲಿ ಒಂದು ತೂತು. ಒಬ್ಬೊಬ್ಬರೇ ಮುಷ್ಟಿ ಕಟ್ಟಿಕೊಂಡು ಹೋಗಿ ಬಂದರು. ಊರಿನವರಲ್ಲಿ ತೊಗರಿ ಹಾಕುವವರು ಬಹಳ ಇದ್ದಾರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರನ್ನು ನಾನು ಬೈಯಲಾರೆ. ಶಾಲೆ ಮುಚ್ಚಿದರೆ ಅವರ ಮಕ್ಕಳನ್ನು ಸೇರಿಸಿಕೊಳ್ಳುವ ಬೇರೆ ಶಾಲೆ ಇರಲಿಲ್ಲ.

ಕಿಣ್ಣಿ ಸುಲ್ತಾನದವರು ಬಂದಿರಲಿಲ್ಲ. ನಮ್ಮ ಶಾಲೆಯ ಜವಾನ ತಿಪ್ಪಣ್ಣ ಆ ಊರಿನವನು, ಅವನೊಬ್ಬನೇ ಬೆಳಿಗ್ಗೆಯಿಂದ ಇದ್ದ. ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದ. ಗೌಡರು ಕೇರಿಯ ಗಂಡಸರು ಹೆಂಗಸರನ್ನೆಲ್ಲ ಆವತ್ತು ಬೇಕೆಂದೇ ಕಣದಲ್ಲಿ ಹಿಡಿದಿಟ್ಟಿದ್ದಾರೆ ಎಂದು ಮಧ್ಯಾಹ್ನಕ್ಕೆ ಸುದ್ದಿ ಬಂತು. ಸಾಹೇಬರು ಗಡಿಯಾರ ನೋಡಿಕೊಂಡರು. ಇನ್ನು ಮಡಕೆ ತೆರೆಯೋಣ ಎನ್ನುವಷ್ಟರಲ್ಲಿ ಹೆಂಗಸರು ಬಂದರು. ಹದಿನಾಲ್ಕು ಮಂದಿ. ಕಣದಿಂದ ಹಿಂದಿನ ದಾರಿಯಲ್ಲಿ ತಪ್ಪಿಸಿಕೊಂಡು ಅಷ್ಟು ದೂರ ನಡೆದು ಬಂದಿದ್ದರು. ತಲೆಗೂದಲಲ್ಲಿ ತೊಗರಿ ಹೊಟ್ಟು, ಹಿಮ್ಮಡಿ ಒಡೆದು ರಕ್ತ. ಮುಂದೆ ತಿಪ್ಪಣ್ಣನ ತಾಯಿ ಗುಂಡಮ್ಮ.

ನನ್ನ ಕಣ್ಣು ತುಂಬಿ ಬಂತು. ಅಷ್ಟು ಸಂತೋಷವಾಗಿತ್ತು. ಅಯ್ನೋರು ಉಳಿದರು ಎಂದುಕೊಂಡೆ. ಸಾಹೇಬರು ತಡವಾಯಿತೆಂದು ಮಡಕೆ ತೆರೆದುಬಿಟ್ಟಾರೆಂಬ ಗಾಬರಿಯಲ್ಲಿ, "ಲಗೂ ಹೋಗ್ರಿ, ಅಯ್ನೋರ ಸಲುವಾಗಿ ಒಂದೊಂದು ಕಾಳು ಹಾಕ್ರಿ" ಎಂದೆ. ಬುಟ್ಟಿ ತೋರಿಸಿದೆ. ಯಾವ ಕಾಳಿಗೆ ಯಾವ ಅರ್ಥ ಎಂದು ಹೇಳಲಿಲ್ಲ. ಮಕ್ಕಳಿಗೆ ಒಂದೊಂದು ಲೆಕ್ಕವನ್ನು ಹತ್ತು ಸಲ ಹೇಳುವ ನಾನು ಅವರಿಗೆ ಒಂದು ಸಲವೂ ಹೇಳಲಿಲ್ಲ.

ಸಾಹೇಬರೂ ಇಬ್ಬರು ಹಿರಿಯರೂ ಕಾಳು ಬೇರೆ ಮಾಡಿ ಎಣಿಸಿದರು. ಎರಡೆರಡು ಸಲ ಎಣಿಸಿದರು. ಆಮೇಲೆ ಸಾಹೇಬರು ಹೊರಗೆ ಬಂದು, ಹೋಗಬೇಕು ಎಂದವರು ಹನ್ನೊಂದು ಜನ ಹೆಚ್ಚಿದ್ದಾರೆ ಎಂದು ಹೇಳಿ ಕುಳಿತರು. ಕಾಳಿನ ಹೆಸರು ಹೇಳಲಿಲ್ಲ. ಕಿಣ್ಣಿ ಸುಲ್ತಾನದ ಹೆಂಗಸರು ಗೊಳೋ ಎಂದು ಅಳಲು ಶುರು ಮಾಡಿದರು. ದಾನಿಯೇಲಪ್ಪನವರು ಎದ್ದು ನಿಂತು, ಸಭೆಯ ಮಾತು ನನಗೆ ದೇವರ ಮಾತು, ಯಾರೂ ಯಾರನ್ನೂ ಅನುಮಾನದಿಂದ ನೋಡಬೇಡಿರಿ ಎಂದು ಹೇಳಿ ಆಶೀರ್ವಾದ ಮಾಡಿದರು. ದನಿ ಗಟ್ಟಿಯಾಗಿಯೇ ಇತ್ತು.

ಜನ ಚದುರುವಾಗ ಗುಂಡಮ್ಮ ನನ್ನ ಸೆರಗು ಹಿಡಿದಳು. ಕಿವಿಯ ಹತ್ತಿರ ಬಂದು ಕೇಳಿದಳು. "ಹೇಳಬಾರದಂತ ಗೊತ್ತದರಿ ಬಾಯೋರ, ಖರೇ ನಿಮ್ಮ ಮುಂದ ಹೇಳ್ತೇನಿ. ನಾವು ಹದಿನಾಲ್ಕು ಮಂದೀನೂ ತೊಗರೀನೇ ಹಾಕೀವಿ. ಅಂಥಾವ್ರಿಗೆ ಜ್ವಾಳ ಹಾಕತಾರೇನ್ರಿ? ನಾವು ದಿನಾ ತಿನ್ನೂ ಕಾಳು ಅದು. ಆದ್ರೂ ಹಿಂಗ್ಯಾಕಾತು?"

ನಮ್ಮ ಸೀಮೆಯ ಕೂಲಿಯವರ ಮನೆಯಲ್ಲಿ ಜೋಳ ಹೊಟ್ಟೆಗೆ, ತೊಗರಿ ಮರ್ಯಾದೆಗೆ. ಬೀಗರು ಬಂದರೆ ಬೇಳೆ ಬೇಯುತ್ತದೆ. ಸುಗ್ಗಿಯ ಕಾಣಿಕೆಗೆ ಒಂದು ಹಿಡಿ ತೊಗರಿ ತರಲು ಅವರು ವಾರಗಟ್ಟಲೆ ಎತ್ತಿಡುತ್ತಿದ್ದರು. ಒಂದೇ ಮಡಕೆ, ಎರಡು ಬುಟ್ಟಿ. ಎರಡರಲ್ಲಿ ಒಳ್ಳೆಯದನ್ನು ಆರಿಸಿ ಅವರು ತಮ್ಮ ಪಾದ್ರಿಗೆ ಹಾಕಿದ್ದರು. ಅಷ್ಟು ಪ್ರೀತಿಯಿಂದ ಹಾಕಿ ಅವರನ್ನು ಊರು ಬಿಡಿಸಿದ್ದರು. ಆ ಹದಿನಾಲ್ಕನ್ನು ಈ ಕಡೆಯಿಂದ ತೆಗೆದು ಆ ಕಡೆ ಕೂಡಿಸಿದರೆ ಅಯ್ನೋರು ಹದಿನೇಳು ಕಾಳಿನಿಂದ ಗೆಲ್ಲುತ್ತಿದ್ದರು. ಲೆಕ್ಕದ ಬಾಯೋರಿಗೆ ಆ ಲೆಕ್ಕ ಹಾಕಲು ಒಂದು ಉಸಿರೂ ಬೇಕಾಗಲಿಲ್ಲ.

ಓಡಿದೆ. ಹೊತ್ತು ಮುಳುಗುತ್ತಿತ್ತು. ಪಾದ್ರಿಗಳು ಆಗಲೇ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸುವ ತನಕ ಅವರ ಕೈಯಲ್ಲಿ ಒಂದು ಪುಸ್ತಕ ಹಾಗೆಯೇ ಇತ್ತು. ಆಮೇಲೆ ಅದನ್ನು ಪೆಟ್ಟಿಗೆಗೆ ಇಟ್ಟರು.

"ಹದಿನಾಲ್ಕೂ ಮಂದಿ ತೊಗರಿ ಹಾಕಿದ್ರೇನು?" ಎಂದರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

"ಸಾಹೇಬ್ರು ಇನ್ನೂ ಬಂಗಲೇದಾಗ ಅದಾರ. ನಾ ಹೋಗಿ ಹೇಳ್ತೇನಿ. ಇನ್ನೊಮ್ಮೆ ಹಾಕಸ್ರಿ ಅಂತೇನಿ."

"ಕೂಡು ಸುವಾರ್ತಮ್ಮ." ನಾನು ಕೂಡಲಿಲ್ಲ. ಅವರೇ ಪೆಟ್ಟಿಗೆಯ ಮೇಲೆ ಕುಳಿತರು. "ಹೇಳಿದ್ರ ಸಾಹೇಬ್ರು ಏನಂತಾರ ಗೊತ್ತದೇನು? ಓದು ಬರಲಾರದ ಮಂದಿಗೆ ಆರಿಸಾಕ ಬರೂದಿಲ್ಲಂತ ನಾ ಅಂದಿದ್ನಲ್ಲಾ ಅಂತಾರ. ತಹಸೀಲ್ದಾರ ಅದನ್ನ ಬರಕೊಂತಾನ. ಗೌಡ ಅದನ್ನ ಹೇಳಿ ನಗತಾನ. ನಾಳೆ ನಾ ಅಫಜಲಪುರದಾಗ ನಿಂತು ಎಲ್ಲಾರಿಗೂ ಹಕ್ಕ ಬೇಕು ಅಂತ ಯಾವ ಬಾಯಿಲೆ ಅನ್ನಲಿ?"

"ತಪ್ಪು ಅವರದಲ್ರಿ, ನಂದು."

"ಹೌದು. ಪ್ರಶ್ನೆ ಕೇಳಿದವರದು ತಪ್ಪು. ಉತ್ತರ ಹೇಳಿದವರದಲ್ಲ." ಎಂದರು. "ಮತ್ತ ಇನ್ನೊಂದು ಅದ. ಗುಂಡಮ್ಮಗ ಇದು ಗೊತ್ತಾತಂದ್ರ ಆಕಿ ಬದುಕತಾಳೇನು? ಆ ಹದಿನಾಲ್ಕು ಮಂದಿ ಇರೂತನಕ ಯಾರ ಮುಂದೂ ಹೇಳಬ್ಯಾಡ. ನನಗ ಮಾತು ಕೊಡು."

ಕೊಟ್ಟೆ. ಸಿಟ್ಟಿನಿಂದಲೇ ಕೊಟ್ಟೆ. ಆವತ್ತೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ, ಅದರಲ್ಲಿ ಅರ್ಧ ದೊಡ್ಡತನ, ಅರ್ಧ ಹಟ. ತಾನು ಕಟ್ಟಿದ ಮಾತು ಸುಳ್ಳಾಗಬಾರದೆಂದು ತನ್ನ ಜನರನ್ನು ಪಾದ್ರಿಯಿಲ್ಲದೆ ಬಿಟ್ಟು ಹೋಗುವುದು ಯಾವ ನ್ಯಾಯ? ಕೇಳಿದ್ದರೆ ಅವರು ಉತ್ತರ ಕೊಡುತ್ತಿದ್ದರೇನೋ. ಕೇಳಲು ನನಗೆ ಧೈರ್ಯವಾಗಲಿಲ್ಲ.

ಬುಧವಾರ ಹೊರಟರು. ಸಾಹೇಬರು ಕೊಟ್ಟ ಬೇರೆ ಊರನ್ನು ತೆಗೆದುಕೊಳ್ಳಲಿಲ್ಲ, ಪಾದ್ರಿ ಕೆಲಸವನ್ನೇ ಬಿಟ್ಟರು. ಹವಳಗಾದಲ್ಲಿ ಒಂದು ಗುಡಿಸಲು ಹಾಕಿಕೊಂಡು ಭೀಮೆಯ ಎರಡೂ ದಂಡೆಯ ಊರುಗಳಲ್ಲಿ ಬಿಟ್ಟಿ ಚಾಕರಿಯ ವಿರುದ್ಧ ತಿರುಗಿದರು. ಎರಡು ಸಲ ಜೈಲಿಗೆ ಹೋದರು. ಎರಡನೆಯ ಸಲ ಬಂದಾಗ ಕೆಮ್ಮು ಹಿಡಿದಿತ್ತು, ಅದು ಬಿಡಲಿಲ್ಲ. ಸಂಸ್ಥಾನ ಭಾರತಕ್ಕೆ ಸೇರಿದ್ದನ್ನು ಅವರು ನೋಡಲಿಲ್ಲ. ನಾವೆಲ್ಲ ಮೊದಲ ಸಲ ಓಟು ಹಾಕಿದ ದಿನ ನಾನು ಬೂತಿನಿಂದ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಆದರೆ ಆ ಕಾಳಿನ ಪೆಟ್ಟು ಬಿದ್ದದ್ದು ಅವರೊಬ್ಬರಿಗೇ ಅಲ್ಲ. ಆ ಭಾನುವಾರ ಸಂಜೆ ತಿಪ್ಪಣ್ಣ ಊರಿಗೆ ಹೋಗಿ, "ನಾ ಜ್ವಾಳ ಹಾಕಿದ್ನೆವ್ವಾ, ಅಯ್ನೋರು ಹೊಂಟ್ರು" ಎಂದು ತಾಯಿಯ ಮುಂದೆ ಅತ್ತನಂತೆ. ತಾವು ಹದಿನಾಲ್ಕು ಜನ ತೊಗರಿ ಹಾಕಿದವರು, ಇವನು ಜೋಳ ಹಾಕಿದವನು. ಅಯ್ನೋರು ಹೋದರು. ಹಾಗಾದರೆ ಅವರನ್ನು ಕಳಿಸಿದ್ದು ಜೋಳ. ಗುಂಡಮ್ಮನ ಲೆಕ್ಕ ಅಷ್ಟು ನೇರವಾಗಿತ್ತು. ಅವಳು ಮಗನನ್ನು ಮನೆಯಿಂದ ಹೊರಗೆ ಹಾಕಿದಳು. ಕೇರಿಯೆಲ್ಲ ಅವನಿಗೆ ಜ್ವಾಳದ ತಿಪ್ಪ ಎಂದು ಹೆಸರಿಟ್ಟಿತು. ತೊಗರಿ ಹಾಕಿದ ಆಳಂದದವರು ನಾಚಿಕೆಯಿಂದ ಆ ಭಾನುವಾರದ ಮಾತನ್ನೇ ಎತ್ತುತ್ತಿರಲಿಲ್ಲ. ಅಲ್ಲಿಯ ಯಾವ ಮನೆಯೂ ಅವನಿಗೆ ಹೆಣ್ಣು ಕೊಡಲಿಲ್ಲ.

ತಿಪ್ಪಣ್ಣ ಶಾಲೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡ. ದಿನವೂ ಗಂಟೆ ಬಾರಿಸಿದ, ನೀರು ತುಂಬಿದ, ಅಂಗಳ ಗುಡಿಸಿದ. ಏನೂ ಅರಿಯದವನನ್ನು ತಾಯಿ ದ್ವೇಷಿಸುತ್ತಿದ್ದಾಳೆ, ನಾನೊಂದು ಮಾತು ಹೇಳಿದರೆ ಮುಗಿಯುತ್ತದೆ ಎಂದು ನನಗೆ ದಿನವೂ ಅನ್ನಿಸುತ್ತಿತ್ತು. ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟೆ. ಗುಂಡಮ್ಮ ಸಂತೆಗೆ ಬಂದಾಗ ನನ್ನ ಹತ್ತಿರ ಬರುತ್ತಿದ್ದಳು. ಮಗ ಅಂಗಳದಲ್ಲಿಯೇ ಇದ್ದರೂ ಆ ಕಡೆ ತಿರುಗುತ್ತಿರಲಿಲ್ಲ. "ನನ್ನ ಹೊಟ್ಟ್ಯಾಗ ಹುಟ್ಟಿ ಅಯ್ನೋರಿಗೆ ಹಿಂಗ ಮಾಡಿದ ನೋಡ್ರಿ ಬಾಯೋರ" ಎನ್ನುತ್ತಿದ್ದಳು. ನಾನು ಅವಳಿಗೆ ನೀರು ಕೊಡುತ್ತಿದ್ದೆ. ಹೀಗೆ ಹದಿನೈದು ವರ್ಷ.

ಗುಂಡಮ್ಮ ಸತ್ತಾಗ ತಿಪ್ಪಣ್ಣ ಮಣ್ಣಿಗೆ ಬಂದ, ಆದರೆ ದೂರದ ಜಾಲಿ ಮರದ ಕೆಳಗೆ ನಿಂತ. ಹೊಸ ಪಾದ್ರಿಗಳು ಪ್ರಾರ್ಥನೆ ಮುಗಿಸಿದರು, ಜನ ಒಬ್ಬೊಬ್ಬರಾಗಿ ಬಗ್ಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ಕೊನೆಗೆ ಅವನು ಬಂದ. ಸಂಗಮ್ಮ ಅವನಿಗೆ ಅಡ್ಡ ನಿಂತಳು. "ಜ್ವಾಳ ಹಾಕಿದ ಕೈಲೆ ಆಕಿಗೆ ಮಣ್ಣ ಹಾಕಬ್ಯಾಡ" ಎಂದಳು. ಯಾರೂ ಅವಳನ್ನು ತಡೆಯಲಿಲ್ಲ.

ನನಗೆ ಸಹಿಸಲಾಗಲಿಲ್ಲ. ಕೊಟ್ಟ ಮಾತು ಮಣ್ಣುಪಾಲಾಗಲಿ ಎಂದುಕೊಂಡು, "ಸಂಗಮ್ಮ, ಇಲ್ಲಿ ಕೇಳು" ಎಂದು ಮುಂದೆ ಹೋದೆ. ತಿಪ್ಪಣ್ಣ ನನ್ನ ಮಣಿಕಟ್ಟು ಹಿಡಿದ. ಅಷ್ಟು ವರ್ಷದಲ್ಲಿ ನನ್ನಿಂದ ಮಾರು ದೂರ ನಿಂತೇ ಮಾತಾಡಿದವನು. ಜಾಲಿ ಮರದ ತನಕ ಎಳೆದುಕೊಂಡೇ ಹೋದ.

"ಹೇಳಬ್ಯಾಡ್ರಿ ಬಾಯೋರ."

"ನಿನಗ ಗೊತ್ತಿಲ್ಲ ತಿಪ್ಪಣ್ಣ. ಅವತ್ತ ಅವರು ಹಾಕಿದ ಕಾಳು..."

"ಗೊತ್ತದರಿ. ಅವತ್ತ ಸಂಜೀಕೇ ಗೊತ್ತಾಗ್ಯದ. ತೊಗರಿ ಹಾಕೀನಿ ಅಂತ ಅವ್ವ ಅಂದಕೂಡಲೇ ತಿಳೀತು."

"ಮತ್ತ ಯಾಕ ಹೇಳಲಿಲ್ಲೋ?"

"ಏನಂತ ಹೇಳಲ್ರಿ? ಅಯ್ನೋರನ್ನ ಕಳಿಸಿದಾಕಿ ನೀನೇ ಅಂತ ಅವ್ವಗ ಹೇಳಲೇನು?" ಅವನು ಕೈ ಬಿಟ್ಟ. "ನನ್ನ ಮ್ಯಾಲೆ ಸಿಟ್ಟ ಇಟಗೊಂಡು ಸಮಾಧಾನಲೆ ಹೋದಳ್ರಿ. ಉಳಿದವರು ಇನ್ನಾ ಬದುಕ್ಯಾರ. ಅವರಿಗೂ ಹಂಗೇ ಇರಲಿ."

ನಾನು ತಿರುಗಿ ಬಂದೆ. ಒಂದು ಹಿಡಿ ಮಣ್ಣು ಹಾಕಿದೆ. ಜಾಲಿ ಮರದ ಕಡೆ ಒಮ್ಮೆ ನೋಡಿ, ಮತ್ತೆ ಬಗ್ಗಿ ಇನ್ನೊಂದು ಹಿಡಿ ಹಾಕಿದೆ. ಸಂಗಮ್ಮ ನನ್ನನ್ನೇ ನೋಡುತ್ತಿದ್ದಳು.

"ಎರಡನೇದು ಯಾರದ್ರಿ ಬಾಯೋರ?"

"ಅಯ್ನೋರದು" ಎಂದೆ.

ಅವಳು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.